ಜೊತೆಗಾರರ ಕಾನೂನು ವಿಧಾನಸೌಧದಲ್ಲೇ ಆಗಲಿ

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ನಾಗರಿಕರೇ,

ಆಪರೇಷನ್‌ಗೆ ಮುನ್ನ ಆಸ್ಪತ್ರೆಯವರು ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. “ನೀವು ಪೇಷಂಟ್‌ಗೆ ಏನಾಗ್ಬೇಕು?” ಹೆಂಡತಿ, ಅಣ್ಣ, ಮಗಳು ಎಂದರೆ ಪೆನ್ನು ಕೈಗೆ ಬರುತ್ತದೆ. ಒಂದೇ ಸೂರಿನಡಿ ವರ್ಷಗಟ್ಟಲೆ ಬಾಳಿ, ಬಾಡಿಗೆ, ಚೀಟಿ ದುಡ್ಡು ಜೊತೆಯಲ್ಲೇ ಕಟ್ಟಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಮಲಗಿದ್ದರೆ, ಇನ್ನೊಬ್ಬಳು “ಫ್ರೆಂಡು” ಎನ್ನಬೇಕು. “ಮನೆಯವರನ್ನ ಕರೆಸಿ” ಎಂಬ ಉತ್ತರ ಬರುತ್ತದೆ. ಆ ಮನೆಯವರೇ ಅವಳನ್ನು ಮನೆಯಿಂದ ಹೊರಗೆ ಹಾಕಿರುತ್ತಾರೆ.

ಇಂಥ ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೇಳಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಬೆಂಗಳೂರಿನ ಲಿಂಗತ್ವ ಅಲ್ಪಸಂಖ್ಯಾತರ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯೂ ಇದ್ದರು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ಆಗದು ಎಂದಿತು. ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಶಾಸನಸಭೆಗಳ ಕೆಲಸ ಎಂದಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಬಹಳ ಮಂದಿ ಅಲ್ಲಿಗೆ ಕೈಚೆಲ್ಲಿ ಕೂತರು.

ಕೂರಬೇಕಾಗಿಲ್ಲ. ಶಾಸನಸಭೆ ಎಂದರೆ ಪಾರ್ಲಿಮೆಂಟ್ ಒಂದೇ ಅಲ್ಲ. ಮದುವೆ, ವಿಚ್ಛೇದನಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು, ಕೇಂದ್ರದ ಕಾಯ್ದೆಗೆ ತಾಕಿದರೆ ರಾಷ್ಟ್ರಪತಿಗಳ ಅಂಕಿತ ಬೇಕು, ಅಷ್ಟೆ. ಪಕ್ಕದ ತಮಿಳುನಾಡನ್ನೇ ನೋಡಿ. ಪುರೋಹಿತರಿಲ್ಲದೆ ಹಾರ ಬದಲಿಸಿಕೊಂಡ ಸ್ವಾಭಿಮಾನ ಮದುವೆಗಳನ್ನು ಕೋರ್ಟು ಒಪ್ಪಿರಲಿಲ್ಲ. 1967ರಲ್ಲಿ ಅಣ್ಣಾದುರೈ ಸರ್ಕಾರ ಕೇಂದ್ರದ ಹಿಂದೂ ವಿವಾಹ ಕಾಯ್ದೆಗೇ ತನ್ನ ರಾಜ್ಯದ ಮಟ್ಟಿಗೆ ತಿದ್ದುಪಡಿ ತಂದು, ಹಿಂದೆ ಆಗಿದ್ದ ಅಂಥ ಮದುವೆಗಳನ್ನೂ ಊರ್ಜಿತಗೊಳಿಸಿತು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು? ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿಯನ್ನು 2021ರಲ್ಲಿ ಮೊದಲು ಕೊಟ್ಟ ರಾಜ್ಯ ನಮ್ಮದೇ.

“ಇದೆಲ್ಲ ಪಾಶ್ಚಾತ್ಯರದು” ಎನ್ನುವವರಿದ್ದಾರೆ. ಪಾಶ್ಚಾತ್ಯರಿಂದ ಬಂದದ್ದು ಸಲಿಂಗ ಸಂಬಂಧವನ್ನು ಅಪರಾಧವೆಂದ ದಂಡಸಂಹಿತೆಯ 377ನೇ ಕಲಮು. ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶವನ್ನು 1947ರಲ್ಲೇ ಮೈಸೂರಿಗೆ ಬಿಟ್ಟುಕೊಟ್ಟರು. ಅವರ ಕಲಮನ್ನು ನಾವು 2018ರವರೆಗೆ ಜೋಪಾನ ಮಾಡಿದೆವು! ಸವದತ್ತಿ ಯಲ್ಲಮ್ಮನ ಸೇವೆಗೆ ಸೀರೆಯುಟ್ಟ ಜೋಗಪ್ಪಂದಿರಿಗೆ ಕೈಮುಗಿದ ನಾಡು ಇದು.

ಆ ಕಲಮಿನ ನೆರಳಲ್ಲಿ ಏನು ನಡೆಯಿತೆಂಬುದಕ್ಕೆ ದೂರ ಹೋಗಬೇಕಿಲ್ಲ. 2004ರ ಜೂನ್‌ನಲ್ಲಿ ಇದೇ ಬೈಯಪ್ಪನಹಳ್ಳಿಯಲ್ಲಿ ಒಬ್ಬ ಹಿಜ್ರಾ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಮಾಡಿದರು. ಪೊಲೀಸರು ನೊಂದವರನ್ನೇ ಠಾಣೆಗೊಯ್ದು, ಬಟ್ಟೆ ಬಿಚ್ಚಿಸಿ, ಕಿಟಕಿಗೆ ಕೋಳ ಬಿಗಿದು ಹಿಂಸಿಸಿದರು. ಬೆಂಗಳೂರಿನ ಈ ಪ್ರಕರಣ 2009ರ ದೆಹಲಿ ಹೈಕೋರ್ಟಿನ ನಾಜ್ ತೀರ್ಪಿನಲ್ಲಿ ದಾಖಲಾಗಿದೆ. ಆ ಮೊಕದ್ದಮೆಯಲ್ಲಿ 377ರ ವಿರುದ್ಧ ನಿಂತವರಲ್ಲಿ ಇನ್‌ಫೆಂಟ್ರಿ ರಸ್ತೆಯಲ್ಲಿದ್ದ ಆಲ್ಟರ್ನೇಟಿವ್ ಲಾ ಫೋರಂನ ವಕೀಲರೂ ಇದ್ದರು. ಒಪ್ಪಿತ ಸಂಬಂಧಕ್ಕೆ ಆ ಕಲಮು ಅನ್ವಯಿಸದು ಎಂದಿದ್ದ ಆ ತೀರ್ಪನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದು ಮಾಡಿತು. ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ತಾನೇ ಹೇಳಿತು.

ಅಪರಾಧವಲ್ಲ, ಸರಿ. ಸಂಬಂಧವೂ ಅಲ್ಲವೆಂದರೆ ಹೇಗೆ? 2024ರಲ್ಲಿ ಕೇಂದ್ರವೇ ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಲು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದಿತು. ಸತ್ತವರ ದೇಹವನ್ನು ಜೊತೆಗಾರರು ಪಡೆಯಬಹುದು ಎಂದೂ ರಾಜ್ಯಗಳಿಗೆ ಬರೆಯಿತು. ಆದರೆ ಹತ್ತಿರದ ಬಂಧುಗಳು ಸಿಗದಿದ್ದರೆ ಮಾತ್ರ! ಸುತ್ತೋಲೆಯ ಕರುಣೆ ಇಷ್ಟೇ. ಇವತ್ತು ಬಂದದ್ದು ನಾಳೆ ವಾಪಸಾದರೆ ಕೇಳುವವರಿಲ್ಲ. ಕಾನೂನೇ ಬೇಕು.

ಸೇಂಟ್ ಮೇರಿ ಬೆಸಿಲಿಕಾದಲ್ಲಾಗಲಿ, ಹಲಸೂರು ಸೋಮೇಶ್ವರನ ಗುಡಿಯಲ್ಲಾಗಲಿ, ಯಾವ ಮಸೀದಿಯಲ್ಲಾಗಲಿ ಮದುವೆ ಮಾಡಿಸಿ ಎಂದು ನಾವು ಒತ್ತಾಯಿಸುತ್ತಿಲ್ಲ. ನಾವು ಕೇಳುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಒಂದು ನಮೂದು. ಅದರ ಬಲದ ಮೇಲೆ ಆಸ್ಪತ್ರೆಯಲ್ಲಿ ಸಹಿ, ರಾಜ್ಯ ಸರ್ಕಾರಿ ನೌಕರರ ಜೊತೆಗಾರರಿಗೆ ಕುಟುಂಬ ಪಿಂಚಣಿ, ಅಂತ್ಯಕ್ರಿಯೆಯಲ್ಲಿ ಮೊದಲ ಹಕ್ಕು ಸಿಗಬೇಕು.

ಶಿವಾಜಿನಗರ, ಪುಲಕೇಶಿನಗರ, ಸಿ.ವಿ. ರಾಮನ್ ನಗರ, ಕೆ.ಆರ್. ಪುರ ಕ್ಷೇತ್ರದ ಮತದಾರರು ಮುಂದಿನ ಅಧಿವೇಶನಕ್ಕೆ ಮೊದಲು ಈ ಕರಪತ್ರ ಹಿಡಿದು ತಮ್ಮ ಶಾಸಕರ ಕಚೇರಿಗೆ ಹೋಗಬೇಕೆಂದು ಕೋರುತ್ತೇವೆ. ಇಂಥ ಮಸೂದೆ ಬಂದರೆ ಯಾವ ಕಡೆ ಕೈಯೆತ್ತುತ್ತೀರಿ ಎಂದು ಕೇಳಿ; ಉತ್ತರವನ್ನು ಬರಹದಲ್ಲೇ ಪಡೆಯಿರಿ.