ತೆರೆದಿಟ್ಟ ಆ್ಯಪ್‌ಗಳು ಬ್ಯಾಟರಿ ತಿನ್ನುತ್ತವೆಯೇ? ಫೋನ್ ‘ಕಾಯುವ’ ಬಗೆ ತಿಳಿದರೆ ಉತ್ತರ ಸುಲಭ

“ಬಳಸಿದ ಆ್ಯಪ್‌ಗಳನ್ನೆಲ್ಲ ಆಗಾಗ ಮೇಲಕ್ಕೆ ತಳ್ಳಿ ಮುಚ್ಚಿಬಿಡಿ, ಇಲ್ಲವಾದರೆ ಅವು ಒಳಗೊಳಗೇ ಓಡುತ್ತಾ ಬ್ಯಾಟರಿ ಖಾಲಿ ಮಾಡುತ್ತವೆ.” ಇಂಥ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಯಾವುದಾದರೂ ‘ಫೋನ್ ಕ್ಲೀನರ್’ ಆ್ಯಪ್‌ನ ಲಿಂಕ್ ಕೂಡ ಇರುವುದುಂಟು.

ಈ ಮಾತು ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಮೆಸೇಜ್ ಬಂದ ಕೂಡಲೇ ಫೋನ್ ಸದ್ದು ಮಾಡಬೇಕಾದರೆ ಆ ಆ್ಯಪ್ ಸದಾ ಎಚ್ಚರವಾಗಿದ್ದು “ಬಂತಾ? ಬಂತಾ?” ಎಂದು ನೋಡುತ್ತಲೇ ಇರಬೇಕಲ್ಲವೇ? ಹಾಗೇನಿಲ್ಲ. ಕಾಯುವುದು ಬೇರೆ, ಕೆಲಸ ಮಾಡುವುದು ಬೇರೆ. ಕಂಪ್ಯೂಟರ್ ಜಗತ್ತು ಈ ವ್ಯತ್ಯಾಸವನ್ನು ಸಾಧಿಸಲು ದಶಕಗಳಷ್ಟು ಶ್ರಮ ಪಟ್ಟಿದೆ.

ಪ್ರತಿ ಸಂಪರ್ಕಕ್ಕೂ ಒಂದು ಟೋಕನ್

ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಆ್ಯಪ್‌ಗಳಿಗೂ ಫೋನಿನ ಯಂತ್ರಭಾಗಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶ ಅದು. ಆ್ಯಪ್ ಒಂದು ಫೈಲ್ ತೆರೆದರೆ ಅಥವಾ ಇಂಟರ್ನೆಟ್ ಸಂಪರ್ಕ ಪಡೆದರೆ ಕರ್ನಲ್ ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಇದರ ಹೆಸರು ‘ಫೈಲ್ ಡಿಸ್ಕ್ರಿಪ್ಟರ್’. ಸರಳವಾಗಿ ಹೇಳುವುದಾದರೆ ಅದೊಂದು ಟೋಕನ್ ನಂಬರ್. ಅಲ್ಲಿಂದ ಮುಂದೆ ಓದುವುದು, ಬರೆಯುವುದು ಎಲ್ಲ ಆ ನಂಬರಿನ ಮೂಲಕವೇ.

ಒಂದು ಪ್ರೋಗ್ರಾಮ್ ಬಳಿ ಇಂಥ ಸಾವಿರ ಟೋಕನ್‌ಗಳಿದ್ದರೆ, ಯಾವುದಕ್ಕೆ ಹೊಸ ಮಾಹಿತಿ ಬಂದಿದೆ ಎಂದು ತಿಳಿಯುವುದು ಹೇಗೆ?

ಲ್ಯಾಬ್ ಕೌಂಟರಿನ ಗುಮಾಸ್ತ

ರಕ್ತ ಪರೀಕ್ಷೆಯ ಲ್ಯಾಬ್ ಒಂದನ್ನು ನೆನೆಸಿಕೊಳ್ಳಿ. ರಿಪೋರ್ಟಿಗಾಗಿ ಸಾವಿರ ಜನ ಟೋಕನ್ ಪಡೆದಿದ್ದಾರೆ. ಕೌಂಟರಿನಲ್ಲಿ ಇರುವವನು ಒಬ್ಬನೇ ಗುಮಾಸ್ತ.

ಮೊದಲ ವಿಧಾನ: ಆತ ನಿಮಿಷಕ್ಕೊಮ್ಮೆ ಒಳಗೆ ಓಡಿ “1 ಬಂತಾ? 2 ಬಂತಾ?” ಎಂದು ಪ್ರತಿಯೊಂದನ್ನೂ ಕೇಳುವುದು. ಒಂದು ರಿಪೋರ್ಟೂ ಬರದಿದ್ದರೂ ಸುಸ್ತು ಮಾತ್ರ ತಪ್ಪದು. ಆ್ಯಪ್‌ಗಳು ಹೀಗೆಯೇ ಕಾಯುತ್ತವೆ ಎಂದು ಆ ಫಾರ್ವರ್ಡ್ ಭಾವಿಸುತ್ತದೆ.

ಎರಡನೆಯದು: ಸಾವಿರ ನಂಬರುಗಳ ಪಟ್ಟಿಯನ್ನು ಒಳಗೆ ಕೊಟ್ಟು ಗುಮಾಸ್ತ ನಿದ್ದೆ ಮಾಡುವುದು. ಒಂದಾದರೂ ರಿಪೋರ್ಟ್ ಸಿದ್ಧವಾದರೆ ಒಳಗಿನವರು ಎಬ್ಬಿಸುತ್ತಾರೆ. 1983ರಲ್ಲಿ ಯುನಿಕ್ಸ್‌ನ ಬಿಎಸ್‌ಡಿ 4.2 ಆವೃತ್ತಿಯಲ್ಲಿ ಬಂದ ‘ಸೆಲೆಕ್ಟ್’ ಮಾಡುವುದು ಇದನ್ನೇ. ಆದರೆ ಎದ್ದ ಮೇಲೆ ಯಾವ ನಂಬರಿಗೆ ಟಿಕ್ ಬಿದ್ದಿದೆ ಎಂದು ಇಡೀ ಪಟ್ಟಿ ನೋಡಬೇಕು. ಮತ್ತೆ ಮಲಗುವ ಮುನ್ನ ಪಟ್ಟಿಯನ್ನು ಹೊಸದಾಗಿ ಬರೆದು ಕೊಡಬೇಕು. ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಈ ಪಟ್ಟಿಗೆ 1024ರ ಮಿತಿಯೂ ಇದೆ. ಆಮೇಲೆ ಬಂದ ‘ಪೋಲ್’ ಆ ಮಿತಿಯನ್ನು ತೆಗೆಯಿತು, ಆದರೆ ಇಡೀ ಪಟ್ಟಿ ಹುಡುಕುವ ಕಷ್ಟ ಉಳಿಯಿತು.

ಮೂರನೆಯದು: ಪಟ್ಟಿಯನ್ನು ಒಮ್ಮೆ ಮಾತ್ರ ಒಳಗೆ ನೋಂದಾಯಿಸುವುದು. ಸಿದ್ಧವಾದ ನಂಬರುಗಳಷ್ಟೇ ಹೊರಗೆ ಬರುತ್ತವೆ. ಸಾವಿರದಲ್ಲಿ ಮೂರು ಸಿದ್ಧವಾದರೆ ಕೈಗೆ ಬರುವುದು ಮೂರೇ. ಲಿನಕ್ಸ್‌ಗೆ 2002ರಲ್ಲಿ ಸೇರಿದ ‘ಇಪೋಲ್’ ಮತ್ತು ಅದಕ್ಕೂ ಮೊದಲೇ ಫ್ರೀಬಿಎಸ್‌ಡಿಗೆ ಬಂದಿದ್ದ ‘ಕೆ-ಕ್ಯೂ’ ಕೆಲಸ ಮಾಡುವುದು ಹೀಗೆ.

ಗಮನಿಸಿ: ಎರಡನೇ, ಮೂರನೇ ವಿಧಾನಗಳಲ್ಲಿ ಕಾಯುವಾಗ ಪ್ರೋಗ್ರಾಮ್ ನಿಜಕ್ಕೂ ಮಲಗಿರುತ್ತದೆ. ಪ್ರೊಸೆಸರ್ ಅದರತ್ತ ಹೋಗುವುದೇ ಇಲ್ಲ. ಮಾಹಿತಿ ಬಂದಾಗ ನೆಟ್‌ವರ್ಕ್ ಚಿಪ್ ಕರ್ನಲ್‌ಗೆ ಸೂಚನೆ ಕೊಡುತ್ತದೆ, ಕರ್ನಲ್ ಪ್ರೋಗ್ರಾಮನ್ನು ಎಬ್ಬಿಸುತ್ತದೆ.

ಒಂದೇ ಸರ್ವರ್, 20 ಲಕ್ಷ ಸಂಪರ್ಕ

ಒಂದೇ ಸರ್ವರ್ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕ ನಿಭಾಯಿಸಬಲ್ಲದೇ ಎಂಬುದು 1999ರಲ್ಲಿ ಡ್ಯಾನ್ ಕೆಗಲ್ ಎಂಬ ತಂತ್ರಜ್ಞರು ಎತ್ತಿದ ಪ್ರಶ್ನೆ. ಈ ಸವಾಲಿಗೆ ‘ಸಿ10ಕೆ’ ಎಂಬ ಹೆಸರೇ ಬಿತ್ತು. 2012ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಒಂದೇ ಸರ್ವರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಹಿಡಿದಿಟ್ಟಿರುವುದಾಗಿ ಪ್ರಕಟಿಸಿತು. ಆ ಸರ್ವರ್ ನಡೆಯುತ್ತಿದ್ದುದು ಫ್ರೀಬಿಎಸ್‌ಡಿಯಲ್ಲಿ. ಪ್ರತಿ ಸಂಪರ್ಕವನ್ನೂ ಸರದಿಯಂತೆ ವಿಚಾರಿಸುತ್ತಾ ಕೂತಿದ್ದರೆ ಇದು ಆಗುವ ಮಾತಲ್ಲ.

ನಿಮ್ಮ ಫೋನಿನಲ್ಲೂ ಇದೇ ತತ್ತ್ವ. ಆಂಡ್ರಾಯ್ಡ್ ಆ್ಯಪ್‌ಗಳು ಘಟನೆಗಳಿಗೆ ಕಾಯುವ ‘ಲೂಪರ್’ ಎಂಬ ಭಾಗ ಬಳಸುವುದು ಇಪೋಲನ್ನೇ. ಸಾಲದ್ದಕ್ಕೆ, ನೋಟಿಫಿಕೇಶನ್ ತರಲು ಹೆಚ್ಚಿನ ಆ್ಯಪ್‌ಗಳು ಪ್ರತ್ಯೇಕ ಸಂಪರ್ಕ ಇಟ್ಟುಕೊಳ್ಳುವುದಿಲ್ಲ. ಗೂಗಲ್‌ನ ಒಂದೇ ಸಂಪರ್ಕವನ್ನು ಹಂಚಿಕೊಳ್ಳುತ್ತವೆ. ಐಫೋನಿನಲ್ಲಿ ಆ್ಯಪಲ್‌ನ ಇಂಥದೇ ಏರ್ಪಾಟಿದೆ.

ಮುಚ್ಚಿದರೆ ನಷ್ಟ ಏನು?

ಮುಚ್ಚಿದ ಆ್ಯಪನ್ನು ಮತ್ತೆ ತೆರೆದಾಗ ಅದು ಮೊದಲಿನಿಂದ ಶುರುವಾಗಬೇಕು. ಇದಕ್ಕೆ ಪ್ರೊಸೆಸರ್ ಹೆಚ್ಚು ದುಡಿಯುತ್ತದೆ. 2016ರಲ್ಲಿ ಈ ಪ್ರಶ್ನೆ ಎದ್ದಾಗ ಆ್ಯಪಲ್‌ನ ಕ್ರೇಗ್ ಫೆಡರಿಗಿ, ಆಗ ಆಂಡ್ರಾಯ್ಡ್ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಇಬ್ಬರೂ ಹೀಗೆ ಮುಚ್ಚುವುದರಿಂದ ಬ್ಯಾಟರಿ ಉಳಿಯದು ಎಂದೇ ಹೇಳಿದ್ದರು.

‘ಫೋರ್ಸ್ ಸ್ಟಾಪ್’ ಮಾಡಿದರೆ ನಷ್ಟ ಇನ್ನೂ ದೊಡ್ಡದು. ಆಂಡ್ರಾಯ್ಡ್‌ನಲ್ಲಿ ಹಾಗೆ ನಿಲ್ಲಿಸಿದ ಆ್ಯಪ್‌ಗೆ, ನೀವೇ ಮತ್ತೆ ತೆರೆಯುವವರೆಗೆ ಮೆಸೇಜ್ ತಲುಪುವುದಿಲ್ಲ. ಅದು ಇಟ್ಟಿದ್ದ ಅಲಾರಂಗಳೂ ರದ್ದಾಗುತ್ತವೆ. ಮನೆಯ ಹಿರಿಯರಿಗೆ ಮಾತ್ರೆ ನೆನಪಿಸುವ ಆ್ಯಪ್ ಇದ್ದರೆ, ಫೋನ್ ‘ಕ್ಲೀನ್’ ಮಾಡುವ ಭರದಲ್ಲಿ ಅದನ್ನೂ ಬಾಯಿ ಮುಚ್ಚಿಸಿದಂತೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಬರೀ ಮೇಲಕ್ಕೆ ತಳ್ಳಿದರೂ ಹೀಗಾಗಬಹುದು.

ಹಾಗಾದರೆ ಬ್ಯಾಟರಿ ತಿನ್ನುವುದು ಯಾವುದು?

ಸ್ಕ್ರೀನಿನ ಬೆಳಕು, ದುರ್ಬಲ ಸಿಗ್ನಲ್ ಇರುವಲ್ಲಿ ಮೊಬೈಲ್ ಡೇಟಾ, ಜಿಪಿಎಸ್, ವಿಡಿಯೊ ಮತ್ತು ಗೇಮ್‌ಗಳು. ಫಾರ್ವರ್ಡ್‌ನಲ್ಲಿ ಸತ್ಯಾಂಶ ಇಲ್ಲವೇ ಇಲ್ಲ ಎನ್ನುವಂತಿಲ್ಲ: ಮಲಗಬೇಕಾದ ಹೊತ್ತಿನಲ್ಲಿ ಲೊಕೇಶನ್ ನೋಡುತ್ತಾ, ಡೇಟಾ ಕಳಿಸುತ್ತಾ ಪದೇ ಪದೇ ಏಳುವ ಆ್ಯಪ್‌ಗಳೂ ಇವೆ. ಅವನ್ನು ಹಿಡಿಯಲು ಕ್ಲೀನರ್ ಆ್ಯಪ್ ಬೇಡ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಟರಿ’ ತೆರೆದರೆ ಯಾವ ಆ್ಯಪ್ ಎಷ್ಟು ಬಳಸಿದೆ ಎಂಬ ಲೆಕ್ಕ ಸಿಗುತ್ತದೆ. ಅತಿಯಾಗಿ ಬಳಸುವುದಕ್ಕೆ ಅಲ್ಲೇ ಕಡಿವಾಣ ಹಾಕಿ, ಬೇಡವಾದರೆ ತೆಗೆದುಹಾಕಿ.

ಫಾರ್ವರ್ಡ್‌ನಲ್ಲಿ ಬಂದ ಕ್ಲೀನರ್ ಲಿಂಕ್ ಒತ್ತಬೇಡಿ. ಫೋನ್ ಶುಚಿ ಮಾಡುವ ನೆಪದಲ್ಲಿ ಅದು ಫೋಟೊ, ಕಾಂಟ್ಯಾಕ್ಟ್, ಮೆಸೇಜ್‌ಗಳ ಅನುಮತಿ ಕೇಳಿದರೆ ಕೊಡಲೇಬೇಡಿ. ಮಲಗಿರುವ ಆ್ಯಪ್ ತನ್ನ ಪಾಡಿಗೆ ಮಲಗಿರಲಿ. ಎದ್ದು ಓಡಾಡುತ್ತಿರುವುದು ಯಾವುದು ಎಂದಷ್ಟೇ ನೋಡಿ.