ಸರ್ಕಾರೀ ನೌಕರರೂ ಪಕ್ಷರಾಜಕಾರಣವೂ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟವೇರಿ ಉಂಡೆ ಕೊಬ್ಬರಿಯಾಗುವುದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ಕಾಲ ಕಾದ ಬೆಳೆಗಾರನು ಅದನ್ನು ಬೆಂಬಲ ಬೆಲೆಗೆ ಮಾರಬೇಕಾದರೆ ಪಹಣಿ ಸರಿಯಿರಬೇಕು, ಬೆಳೆ ಸಮೀಕ್ಷೆಯಲ್ಲಿ ಅವನ ತೋಟ ಕಂಡಿರಬೇಕು, ಖರೀದಿ ಕೇಂದ್ರದಲ್ಲಿ ಅವನ ಹೆಸರು ನೋಂದಣಿಯಾಗಿರಬೇಕು. ಈ ಮೆಟ್ಟಿಲೊಂದೊಂದರಲ್ಲಿಯೂ ಒಬ್ಬೊಬ್ಬ ಸರ್ಕಾರೀ ನೌಕರನು ಕುಳಿತಿದ್ದಾನೆ. 2024ರ ಆರಂಭದಲ್ಲಿ ಕ್ವಿಂಟಾಲಿಗೆ 12,000 ರೂಪಾಯಿಯಂತೆ ಕೊಬ್ಬರಿ ಕೊಳ್ಳುವುದಕ್ಕೆ ನಡೆದ ನೋಂದಣಿಯು ಅಕ್ರಮದ ದೂರುಗಳಿಂದ ರದ್ದಾಗಿ, ಮಾರ್ಚ್ ತಿಂಗಳಲ್ಲಿ ಪುನಃ ನಡೆಯಿತು. ಅದೇ ಮಾರ್ಚ್ 16ರಂದು ಲೋಕಸಭೆಯ ಚುನಾವಣೆ ಘೋಷಿತವಾಯಿತು. ಏಪ್ರಿಲ್ 26ರಂದು ತುಮಕೂರು ಕ್ಷೇತ್ರವು ಮತ ನೀಡಿತು. ಆ ಅಕ್ರಮದಲ್ಲಿ ಯಾವುದೇ ಪಕ್ಷದ ಕೈಯಿತ್ತೆಂದು ನಾವು ಹೇಳುತ್ತಿಲ್ಲ. ಸರತಿಯಲ್ಲಿ ನಿಂತ ಬೆಳೆಗಾರನಿಗೆ, ಕಿಟಕಿಯ ಆಚೆ ಕುಳಿತವನು ಇಂಥ ಪಕ್ಷದವನೆಂದು ಮೊದಲೇ ಗೊತ್ತಿದ್ದರೆ, ಅವನ ಮನಸ್ಸಿನ ಸ್ಥಿತಿ ಏನಾಗಿರುತ್ತಿತ್ತೆಂಬುದಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗಾಗಿಯೇ ನಿಯಮವೊಂದಿದೆ. 1966ರ ನಡತೆ ನಿಯಮಗಳ ಸ್ಥಾನದಲ್ಲಿ ಬಂದ 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು, ಸರ್ಕಾರೀ ನೌಕರನು ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಕೂಡದು, ಅದರೊಡನೆ ಸಂಬಂಧವನ್ನೂ ಇಟ್ಟುಕೊಳ್ಳಕೂಡದು ಎಂದು ಸ್ಪಷ್ಟವಾಗಿ ವಿಧಿಸಿವೆ. ಮತ ಹಾಕುವ ಹಕ್ಕು ಅವನಿಗುಂಟು; ಪ್ರಚಾರ ಮಾಡುವ ಹಕ್ಕಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾನೂನಿನಂತೆ, ಅಭ್ಯರ್ಥಿಯ ಏಜೆಂಟನಾಗಿ ನಿಂತ ನೌಕರನಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಇಂತಹ ಕಟ್ಟುಗಳನ್ನು ಪರಸರ್ಕಾರವು ದೇಶಾಭಿಮಾನಿಗಳ ಬಾಯಿ ಕಟ್ಟುವುದಕ್ಕೆ ಬಳಸುತ್ತಿದ್ದಿತೆಂಬುದನ್ನು ನಾವು ಮರೆತಿಲ್ಲ. ಆದರೆ ಆಗ ಆತ್ಮಸಾಕ್ಷಿಯುಳ್ಳವರು ಏನು ಮಾಡಿದರು? 1921ರಲ್ಲಿ ಸುಭಾಷಚಂದ್ರ ಬೋಸರು ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದರು. ಸಂಬಳವನ್ನು ಒಂದು ಕೈಯಲ್ಲಿಯೂ ಬಾವುಟವನ್ನು ಮತ್ತೊಂದು ಕೈಯಲ್ಲಿಯೂ ಹಿಡಿಯಲಿಲ್ಲ.

ಹೀಗೆ ನಿಯಮವು ಒಳ್ಳೆಯದೇ. ಅದನ್ನು ನಡೆಸುವ ರೀತಿಯಲ್ಲಿ ಮಾತ್ರ ನ್ಯಾಯ ಕಾಣುವುದಿಲ್ಲ. ಚಿಕ್ಕನಾಯಕನಹಳ್ಳಿಯ ನೆರೆಯ ಹೊಸದುರ್ಗ ತಾಲ್ಲೂಕಿನ ಸರ್ಕಾರೀ ಶಾಲೆಯ ಉಪಾಧ್ಯಾಯರೊಬ್ಬರು, ಯಾವ ಯಾವ ಮುಖ್ಯಮಂತ್ರಿಗಳ ಕಾಲದಲ್ಲಿ ರಾಜ್ಯದ ಸಾಲ ಎಷ್ಟೆಷ್ಟಾಯಿತೆಂಬ ಲೆಕ್ಕವನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದು, ಉಚಿತ ಯೋಜನೆಗಳನ್ನು ಕುಟುಕಿದರೆಂಬ ಕಾರಣದಿಂದ 2023ರ ಮೇ ತಿಂಗಳಲ್ಲಿ ಅಮಾನತುಗೊಂಡರು. ಸರ್ಕಾರವನ್ನು ಟೀಕಿಸುವುದು ಒಂದು, ಪಕ್ಷದ ಕೆಲಸ ಮಾಡುವುದು ಇನ್ನೊಂದು. ಎರಡನ್ನೂ ನಿಯಮಗಳು ತಡೆದಿರುವುದು ನಿಜ. ಆದರೆ ಎರಡರಿಂದ ಪ್ರಜೆಗಾಗುವ ಕೇಡು ಒಂದೇ ತೂಕದ್ದಲ್ಲ. ಉಪಾಧ್ಯಾಯರ ಲೆಕ್ಕ ತಪ್ಪಿದ್ದರೆ ಸರಿಯಾದ ಲೆಕ್ಕವನ್ನು ಪ್ರಕಟಿಸಿದ್ದರೆ ಸಾಕಾಗುತ್ತಿತ್ತು. ಆಡಳಿತ ಪಕ್ಷವನ್ನು ಹೊಗಳಿ ಬರೆದವನಿಗೂ ಅದೇ ಶಿಕ್ಷೆಯಾದುದನ್ನು ನಮ್ಮ ಓದುಗರಲ್ಲಿ ಯಾರಾದರೂ ಕಂಡಿದ್ದಾರೆಯೇ?

ಇನ್ನೊಂದು ಸಂಗತಿ. ರಾಷ್ಟ್ರೀಯ ಸ್ವಯಂಸೇವಕ ಸಂಘದ ಚಟುವಟಿಕೆಗಳಲ್ಲಿ ಕೇಂದ್ರ ನೌಕರರು ಸೇರಕೂಡದೆಂದು 1966ರ ನವೆಂಬರ್ 30ರಂದು ಹೊರಟ ಸುತ್ತೋಲೆಯ ನಿರ್ಬಂಧವನ್ನು ಕೇಂದ್ರ ಸರ್ಕಾರವು 2024ರ ಜುಲೈ 9ರಂದು ತೆಗೆದುಹಾಕಿತು. 2025ರ ಅಕ್ಟೋಬರಿನಲ್ಲಿ ಅದೇ ಸಂಘದ ಪಥಸಂಚಲನದಲ್ಲಿ ಗಣವೇಷ ಧರಿಸಿ ನಡೆದ ರಾಯಚೂರು ಜಿಲ್ಲೆಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರನ್ನು ರಾಜ್ಯ ಸರ್ಕಾರವು ಅಮಾನತುಗೊಳಿಸಿತು. ಆಡಳಿತ ನ್ಯಾಯಮಂಡಳಿಯು ಅದಕ್ಕೆ ತಡೆಯಾಜ್ಞೆ ನೀಡಿತು. ಸಂಘವು ರಾಜಕೀಯ ಸಂಸ್ಥೆಯೋ ಅಲ್ಲವೋ ಎಂಬ ವಾದವನ್ನು ನಾವು ಇಲ್ಲಿ ತೀರ್ಮಾನಿಸಲಾರೆವು. ಆದರೆ ತುರುವೇಕೆರೆಯ ಅಂಚೆ ಕಚೇರಿಯ ನೌಕರನಿಗೆ ಸಲ್ಲುವುದು ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಅಪರಾಧವಾದರೆ, ಊರಿನವರು ಅದನ್ನು ನಿಯಮವೆಂದು ತಿಳಿಯುವುದಿಲ್ಲ. ಮೇಲೆ ಕುಳಿತವರ ಇಷ್ಟವೆಂದು ತಿಳಿಯುತ್ತಾರೆ.

ದೊಡ್ಡವರ ವಿಷಯದಲ್ಲಿ ಏನಾಗುತ್ತದೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. 1971ರ ರಾಯಬರೇಲಿ ಚುನಾವಣೆಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು, ಇನ್ನೂ ಸರ್ಕಾರೀ ಸೇವೆಯಲ್ಲಿದ್ದ ಯಶಪಾಲ ಕಪೂರರ ನೆರವನ್ನು ಪಡೆದರೆಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು 1975ರ ಜೂನ್ 12ರಂದು ಆ ಆಯ್ಕೆಯನ್ನು ಅಸಿಂಧುಗೊಳಿಸಿದರು. ಅನಂತರ ನಡೆದುದೇನು? ತಪ್ಪನ್ನು ತಿದ್ದಿಕೊಳ್ಳಲಿಲ್ಲ, ಕಾನೂನನ್ನೇ ತಿದ್ದಿದರು. ಆ ತಿದ್ದುಪಡಿಯನ್ನು ಹಿಂದಿನ ಚುನಾವಣೆಗೂ ಅನ್ವಯಿಸಿದರು. ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಆಯ್ಕೆಯನ್ನು ಎತ್ತಿಹಿಡಿಯಿತು. ವಕೀಲಿ ವೃತ್ತಿಯಲ್ಲಿರುವ ನಮಗೆ ಈ ಪ್ರಕರಣವನ್ನು ಓದಿದಾಗಲೆಲ್ಲ ಹೊಸದುರ್ಗದ ಉಪಾಧ್ಯಾಯರ ನೆನಪಾಗುತ್ತದೆ. ಅವರಿಗಾಗಿ ಯಾರೂ ಕಾನೂನನ್ನು ಹಿಂದಿನ ದಿನಾಂಕದಿಂದ ತಿದ್ದಲಿಲ್ಲ.

ವಾಸ್ತವವಾಗಿ ಪಕ್ಷಪಾತದ ಬೇರು ಶಾಲಿನಲ್ಲಿಯೂ ಗಣವೇಷದಲ್ಲಿಯೂ ಇಲ್ಲ. ವರ್ಗಾವಣೆಯ ಶಿಫಾರಸು ಪತ್ರದಲ್ಲಿದೆ. ಶಾಸಕರ ಪತ್ರವಿಲ್ಲದೆ ತಾಲ್ಲೂಕಿಗೆ ಬರಲಾರದ, ಬಂದರೂ ನಿಲ್ಲಲಾರದ ಅಧಿಕಾರಿಯು ಯಾವ ಬಾವುಟವನ್ನೂ ಹಿಡಿಯಬೇಕಾದುದಿಲ್ಲ. ಅವನು ಯಾರ ಅರ್ಜಿಯನ್ನು ಮೇಲಿಡುತ್ತಾನೆ, ಯಾರದನ್ನು ಕೆಳಗಿಡುತ್ತಾನೆ ಎಂಬುದರಲ್ಲಿಯೇ ಅವನ ಪಕ್ಷ ಕಾಣುತ್ತದೆ. ಅಂಥವನ ಮೇಲೆ ನಡತೆ ನಿಯಮದ ನೋಟೀಸು ಹೊರಡುವುದಿಲ್ಲ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿಕಾರಿಗಳಿಗೆ ನಿಶ್ಚಿತ ಅವಧಿ ಇರಬೇಕು, ಮೌಖಿಕ ಆಜ್ಞೆಗಳನ್ನು ಬರಹಕ್ಕಿಳಿಸಬೇಕು ಎಂದು ಹೇಳಿತು. ಆ ಮಾತು ದೆಹಲಿಯಿಂದ ಹೋಬಳಿಯವರೆಗೆ ಇಳಿದು ಬರಬೇಕಾಗಿದೆ.

ಆದುದರಿಂದ ಸರ್ಕಾರವನ್ನು ನಾವು ಕೇಳುವುದು ಇಷ್ಟು. ಪಕ್ಷರಾಜಕಾರಣದ ಆರೋಪದಿಂದ ಯಾವ ನೌಕರನನ್ನು ಅಮಾನತುಗೊಳಿಸಿದರೂ, ದೂರು ಕೊಟ್ಟವರಾರು, ಆರೋಪವು ಯಾವ ಪಕ್ಷದ ಪರವಾದ ಕೆಲಸದ್ದು ಎಂಬುದನ್ನು ಪ್ರಕಟಿಸತಕ್ಕದ್ದು. ಅದರ ಪಕ್ಕದಲ್ಲಿಯೇ, ಆ ತಾಲ್ಲೂಕಿನ ಅಧಿಕಾರಿಗಳ ವರ್ಗಾವಣೆಗಾಗಿ ಬಂದ ಶಿಫಾರಸು ಪತ್ರಗಳ ಪಟ್ಟಿಯನ್ನೂ, ಬರೆದವರ ಹೆಸರು ಸಹಿತ, ಅಂಟಿಸತಕ್ಕದ್ದು. ದಬ್ಬೇಘಟ್ಟದ ನಾಡಕಚೇರಿಯ ಗೋಡೆಯಲ್ಲಿ ಎರಡಕ್ಕೂ ಸ್ಥಳವಿದೆ.