ಪರದೆಯ ಮೇಲಿನ ನೆತ್ತರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ — ಮೈಸೂರು ನಗರದ ಎಷ್ಟೋ ಸಂಸಾರಗಳಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಹುಟ್ಟೂರು. ರಜೆ ಬಂದಿತೆಂದರೆ ಮೊಮ್ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅವರ ಸಂಗಡ ಮೊಬೈಲೂ ಹೋಗುತ್ತದೆ. ಅಜ್ಜಿ ಬಡಿಸಿಟ್ಟು, “ಬಾರೋ ಮಗ, ಮುದ್ದೆ ಆರೋಯ್ತದೆ” ಎಂದು ಮೂರು ಬಾರಿ ಕೂಗುತ್ತಾಳೆ. ಜಗಲಿಯ ಮೂಲೆಯಿಂದ ಉತ್ತರ ಬರುತ್ತದೆ: “ಇರಜ್ಜಿ, ಈಗ ಎದ್ರೆ ಸತ್ತೋಗ್ತೀನಿ!”

ದೀಪ ಹಚ್ಚುವ ಹೊತ್ತಿನಲ್ಲಿ ಆಡಬಾರದ ಮಾತು! ಸಾಯುವವನು ಹುಡುಗನಲ್ಲ, ಪರದೆಯ ಮೇಲೆ ಬಂದೂಕು ಹಿಡಿದು ಓಡುತ್ತಿರುವ ಒಂದು ಬೊಂಬೆ ಎಂದು ಯಾರಾದರೂ ತಿಳಿಯಹೇಳಿದರೂ ಆಕೆಗೆ ಸಮಾಧಾನವಾಗುವುದಿಲ್ಲ. ಹಗಲೆಲ್ಲ ಮನುಷ್ಯಾಕೃತಿಗಳಿಗೆ ಗುಂಡು ಹೊಡೆಯುವ ಕೈ ನಾಳೆ ಏನು ಮಾಡೀತು? ಈ ಪ್ರಶ್ನೆ ಹಳ್ಳಿಯ ಅಜ್ಜಿಯದು ಮಾತ್ರವಲ್ಲ; ಪದವೀಧರರಾದ ತಾಯ್ತಂದೆಗಳದೂ, ನ್ಯಾಯಾಲಯಗಳದೂ, ಪಂಡಿತರದೂ ಆಗಿದೆ.

ಅಂಜಿಕೆಗೆ ಆಧಾರವಿಲ್ಲದೆ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿಯ ಮಗ್ಗುಲಲ್ಲಿರುವ ಕಾಕತಿಯಿಂದ ಬಂದ ಸುದ್ದಿಯು ನಾಡನ್ನೇ ನಡುಗಿಸಿತು. ಕಿತ್ತೂರಿನ ರಾಣಿ ಚೆನ್ನಮ್ಮನ ತವರೂರೆಂದು ಅದುವರೆಗೆ ಜನ ನೆನೆಯುತ್ತಿದ್ದ ಊರದು. ಇಪ್ಪತ್ತರ ಹರೆಯದ ತರುಣನೊಬ್ಬನು ಹೆತ್ತ ತಂದೆಯನ್ನೇ ಕೊಂದನೆಂಬ ಆರೋಪದ ಮೇಲೆ ಪೊಲೀಸರು ಅವನನ್ನು ಬಂಧಿಸಿದರು. ‘ಪಬ್‌ಜಿ’ ಎಂಬ ಮೊಬೈಲ್ ಆಟವನ್ನು ಆಡಬೇಡವೆಂದು ತಂದೆ ತಡೆದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಆ ವಾರ ಕರ್ನಾಟಕದ ಎಷ್ಟು ಮನೆಗಳಲ್ಲಿ ಮಕ್ಕಳ ಕೈಯಿಂದ ಮೊಬೈಲು ಬೀರುವಿಗೆ ಹೋಯಿತೋ, ಎಷ್ಟು ದಿನಗಳ ಮೇಲೆ ಮರಳಿ ಹೊರಬಂದಿತೋ ಹೇಳುವವರಾರು!

ಆ ಆಟದ ಸ್ವರೂಪವನ್ನು ಅರಿಯದೆ ಚರ್ಚೆ ಮುಂದೆ ಹೋಗಲಾರದು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬಾತನು ಕಲ್ಪಿಸಿದ ಈ ಆಟ 2017ರಲ್ಲಿ ಗಣಕಯಂತ್ರಕ್ಕೂ 2018ರಲ್ಲಿ ಮೊಬೈಲಿಗೂ ಬಂದಿತು. ನೂರು ಮಂದಿ ಆಟಗಾರರು, ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಮೀರತ್ತಿನಲ್ಲಿ ಕುಳಿತಿದ್ದರೂ ಸರಿಯೆ, ವಿಮಾನದಿಂದ ಕೊಡೆ ಬಿಚ್ಚಿ ಒಂದು ದ್ವೀಪದ ಮೇಲೆ ಇಳಿಯುತ್ತಾರೆ. ಬಂದೂಕುಗಳನ್ನು ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಕಡೆಗೆ ಉಳಿದವನು ಗೆದ್ದವನು. ಒಂದು ಪಂದ್ಯ ಮುಗಿಯಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ನಡುವೆ ನಿಲ್ಲಿಸಿಟ್ಟು ಆಮೇಲೆ ಮುಂದುವರಿಸುವ ಸೌಕರ್ಯವಿಲ್ಲ, ಏಕೆಂದರೆ ಉಳಿದ ತೊಂಬತ್ತೊಂಬತ್ತು ಮಂದಿ ಕಾಯುವುದಿಲ್ಲ. ಈ ಸಣ್ಣ ಸಂಗತಿಯನ್ನು ಮನೆಯ ಹಿರಿಯರಲ್ಲಿ ಬಹುಮಂದಿ ಅರಿಯರು. ‘ಈಗ ಎದ್ದರೆ ಸತ್ತುಹೋಗುತ್ತೇನೆ’ ಎಂಬ ಮೊಮ್ಮಗನ ಮಾತಿನಲ್ಲಿ ಉದ್ಧಟತನಕ್ಕಿಂತ ಹೆಚ್ಚಾಗಿ ಇರುವುದು ಆಟದ ಈ ನಿಯಮ.

ಕಾಕತಿಯ ಪ್ರಕರಣಕ್ಕೆ ಮರಳೋಣ. ಹಿಂದಿನ ದಿನವೇ ಆ ತರುಣನ ಮೇಲೆ ನೆರೆಯವರ ದೂರು ಪೊಲೀಸ್ ಠಾಣೆಗೆ ಹೋಗಿತ್ತೆಂದು ಅದೇ ಪತ್ರಿಕೆಗಳು ವರದಿ ಮಾಡಿದ್ದವು. ಅಂದರೆ ಏನೋ ಕೆಟ್ಟಿದೆ ಎಂಬುದು ಮನೆಯ ಹೊಸ್ತಿಲನ್ನು ದಾಟಿ ಬೀದಿಗೆ ತಿಳಿದಿತ್ತು. ಅವನ ಮನಸ್ಸಿನ ಸ್ಥಿತಿ ಎಂತಹುದೆಂದು ದೂರದಲ್ಲಿ ಕುಳಿತವರು ನಿರ್ಣಯಿಸುವುದು ಸಲ್ಲದು. ಆದರೆ ಅದೇ ದಿನ ಅದೇ ಆಟವನ್ನು ಭಾರತದಲ್ಲಿ ಕೋಟ್ಯಂತರ ಜನ ಆಡುತ್ತಿದ್ದರು. ಆಡಿ, ಸೋತು, ಬೈದುಕೊಂಡು, ಊಟ ಮಾಡಿ ಮಲಗಿದರು. ತಲೆಬರಹದಲ್ಲಿ ಆಟದ ಹೆಸರು ದೊಡ್ಡಕ್ಷರಗಳಲ್ಲಿ ಬಂದಿತು. ಹಿಂದಿನ ದಿನದ ದೂರು ವರದಿಯ ನಡುವೆಲ್ಲೋ ಒಂದು ಸಾಲಾಯಿತು. ಎರಡನೆಯದರ ಬಗೆಗೆ ಯಾರೂ ಚರ್ಚಾಕೂಟ ನಡೆಸಲಿಲ್ಲ.

ಇಂತಹ ಆಪಾದನೆ ಹೊಸದಲ್ಲ. ಅಮೆರಿಕದಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಾಂ ಎಂಬ ಮನೋವೈದ್ಯರು ಮಕ್ಕಳ ಚಿತ್ರಕಥೆಯ ಪುಸ್ತಕಗಳೇ ಬಾಲಾಪರಾಧಗಳಿಗೆ ಮೂಲವೆಂದು ಸಾರಿದರು. ಸೆನೆಟ್ ಸಭೆಯ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುಪಾಡುಗಳನ್ನು ಹಾಕಿಕೊಂಡರು. ಆರು ದಶಕಗಳ ತರುವಾಯ ಕೆರೊಲ್ ಟಿಲಿ ಎಂಬ ವಿದುಷಿ ಆ ವೈದ್ಯರ ಕಡತಗಳನ್ನು ಬಿಚ್ಚಿ ನೋಡಿದಾಗ, ಮಕ್ಕಳ ಹೇಳಿಕೆಗಳನ್ನು ಅವರು ತಮ್ಮ ವಾದಕ್ಕೆ ಒಪ್ಪುವಂತೆ ತಿದ್ದಿದ್ದರೆಂಬುದು ಬೆಳಕಿಗೆ ಬಂದಿತು. ಸದುದ್ದೇಶವು ಸತ್ಯಕ್ಕೆ ಎಷ್ಟು ಬೇಗ ಅಪಚಾರ ಮಾಡಬಲ್ಲುದು!

ವಿಡಿಯೋ ಆಟಗಳ ಮೇಲಿನ ಸಂಶೋಧನೆ ಇದಕ್ಕಿಂತ ಜಾಗರೂಕತೆಯಿಂದ ನಡೆದಿದೆ. 2019ರಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು 14-15 ವರ್ಷ ವಯಸ್ಸಿನ ಸಾವಿರಕ್ಕೂ ಮಿಕ್ಕ ಬ್ರಿಟಿಷ್ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ, ಹಿಂಸಾತ್ಮಕ ಆಟಗಳಿಗೂ ಮಕ್ಕಳ ಆಕ್ರಮಣಶೀಲತೆಗೂ ಸಂಬಂಧ ಕಾಣಲಿಲ್ಲವೆಂದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2020ರಲ್ಲಿ ಇನ್ನೂ ಬಿಗಿಯಾಗಿ ಅಳೆದು ಹೇಳಿತು: ಕೂಗಾಟ, ನೂಕಾಟಗಳಂಥವುಗಳಿಗೆ ಈ ಆಟಗಳೊಡನೆ ಅಲ್ಪ ಸಂಬಂಧವುಂಟು, ಕೊಲೆ, ರಕ್ತಪಾತಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ವಿಡಿಯೋ ಆಟಗಳ ತವರಾದ ಜಪಾನಿನಲ್ಲಿ ಕೊಲೆಗಳು ಅತಿ ವಿರಳವೆಂಬುದೂ ಎಲ್ಲರೂ ಬಲ್ಲ ಸಂಗತಿ.

ಇಷ್ಟಕ್ಕೂ ನೆತ್ತರನ್ನು ಕಂಡ ಮಾತ್ರಕ್ಕೆ ಮನುಷ್ಯ ಕ್ರೂರಿಯಾಗುವನೆಂಬುದಾದರೆ ಮೈಸೂರು ಸೀಮೆಯವರು ಎಂದೋ ಕೆಡಬೇಕಾಗಿತ್ತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆದುಬಂದಿರುವ ವಜ್ರಮುಷ್ಟಿ ಕಾಳಗದಲ್ಲಿ ಚೆಲ್ಲುವುದು ನಿಜವಾದ ನೆತ್ತರು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಆಯುಧ ತೊಟ್ಟು ಕೆಮ್ಮಣ್ಣಿಗೆ ಇಳಿಯುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ಹನಿ ಕಂಡೊಡನೆ ಕಾಳಗ ನಿಲ್ಲುತ್ತದೆ. ಅಂಗಳದಲ್ಲಿ ‘ಸಾಕು’ ಎನ್ನುವವರಿದ್ದಾರೆ. ಆ ಮಾತಿಗೆ ಬೆಲೆಯೂ ಇದೆ. ಮೊಬೈಲಿನ ದ್ವೀಪದಲ್ಲಿ ಹಾಗೆನ್ನುವವರಿಲ್ಲ. ಸೋತೊಡನೆ ಮುಂದಿನ ಪಂದ್ಯದ ವಿಮಾನ ಸಿದ್ಧ! ತಾಯ್ತಂದೆಗಳ ಕಣ್ಣು ನೆಡಬೇಕಾದದ್ದು ಈ ನಿಲ್ಲದಿರುವಿಕೆಯ ಮೇಲೆಯೇ ಹೊರತು ನೆತ್ತರಿನ ಮೇಲಲ್ಲ.

ಸರ್ಕಾರಕ್ಕೂ ಇದು ತಡವಾಗಿ ಹೊಳೆದಂತೆ ತೋರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿಯನ್ನು ನಿಷೇಧಿಸಿದಾಗ ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳ ಮನಸ್ಸಲ್ಲ. ಮರುವರ್ಷವೇ ಅದು ಬೇರೆ ಹೆಸರಿನಿಂದ ಬಂದಿತು. ಈ ಬಾರಿ ಬೊಂಬೆಗಳ ನೆತ್ತರು ಹಸುರು! 2022ರಲ್ಲಿ ಮತ್ತೆ ತಡೆ. 2023ರಲ್ಲಿ ಮತ್ತೆ ಪ್ರವೇಶ. ಆಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ ಎಂಬ ಮಿತಿ ಬಂದಿತು. ಬಣ್ಣ ಬದಲಾಯಿಸಿದ್ದಕ್ಕಿಂತ ಇದು ವಿವೇಕದ ಕ್ರಮ. ಆದರೆ ಅಪ್ಪನ ಮೊಬೈಲಿನಲ್ಲಿ ಅಪ್ಪನ ಹೆಸರಿನಿಂದ ಆಡುವ ಮಗನ ವಯಸ್ಸು ಯಂತ್ರಕ್ಕೆ ತಿಳಿಯುವುದು ಹೇಗೆ?

ಎಲ್ಲ ದೀರ್ಘಾವಧಿಯ ಆಟವೂ ರೋಗವಲ್ಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಉರಿಯನ್ನು ಇರುಳೆಲ್ಲ ಒಬ್ಬರು ಕಾಯಬೇಕು. ಹಿಂದೆ ಕಥೆ ಹೇಳಿಕೊಂಡು ನಿದ್ದೆ ಓಡಿಸುತ್ತಿದ್ದ ತರುಣರು ಇಂದು ಮೊಬೈಲಿನಲ್ಲಿ ಗುಂಡು ಹಾರಿಸಿದರೆ ಅಚ್ಚರಿಯೇನು? ಉರಿ ತಗ್ಗಿದರೆ ಆಟ ಬಿಟ್ಟು ಏಳುತ್ತಾನೆ. ಸೊಪ್ಪು ಮಾರಿದ ಮೇಲೆ ಮರೆಯುತ್ತಾನೆ. ಬಿಟ್ಟು ಏಳಲಾರದವನ ಕಥೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ಕೊಟ್ಟಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ರೆ, ಓದುಗಳಿಗಿಂತ ಅದೇ ಮೇಲಾಗುವುದು, ಕೇಡು ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು — ಇವೇ ಅದರ ಲಕ್ಷಣಗಳು. ಸಾಮಾನ್ಯವಾಗಿ ವರ್ಷಕಾಲ ಕಂಡರೆ ರೋಗವೆಂದು ಗಣನೆ. ಆಟದಲ್ಲಿ ಬಂದೂಕು ಇದೆಯೇ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಚೆಂಡಾಟವಾದರೂ ಒಂದೇ.

ಇಂತಹ ಹುಡುಗನ ಕೈಯಿಂದ ಪಂದ್ಯದ ನಡುವೆ ಮೊಬೈಲನ್ನು ಕಸಿದುಕೊಂಡು ಗೋಡೆಗೆ ಎಸೆಯುವ ತಂದೆಯುಂಟು. ಕೋಪ ಸಹಜ, ಫಲ ಮಾತ್ರ ವಿಪರೀತ. ‘ಈ ಪಂದ್ಯ ಮುಗಿಯಲಿ, ಆಮೇಲೆ ಕೊಡು’ ಎಂದವನಿಗೆ ಅರ್ಧ ಗಂಟೆ ನಷ್ಟವಾದೀತು, ಅಷ್ಟೆ. ಮುಗಿದ ಮೇಲೂ ಕೊಡದೆ ಹೊಡೆಯಬರುವ, ರಾತ್ರಿಗಳನ್ನು ಹಗಲು ಮಾಡುವ, ನೆರೆಹೊರೆಯವರ ದೂರಿಗೆ ಗುರಿಯಾಗುವ ಮಗನಾದರೆ ಅದು ಬುದ್ಧಿಮಾತಿನ ಹಂತವನ್ನು ದಾಟಿದ ವಿಷಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಕೋಟೆಯ ಕಾಡಂಚಿನಿಂದ ಬೆಂಗಳೂರು ದೂರವೆನ್ನುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಇದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಗನು ಮಾತಿಗೆ ಒಪ್ಪದಿದ್ದರೆ ತಾಯಿಯೇ ಕರೆದು ಕೇಳಬಹುದು.